ಎರಡು ಟನ್ ತೂಕದ 400 ಅಶ್ವಶಕ್ತಿಯ ಕಾರಿನಲ್ಲಿ ಇಂಧನ ಹೋಗುವುದೆಲ್ಲಿಗೆ?

ಸುಮಾರು 2,200 ಕಿಲೋ ತೂಕದ, 400 ಅಶ್ವಶಕ್ತಿಯ ನಿಮ್ಮ ಟರ್ಬೊ ಪೆಟ್ರೋಲ್ ಕಾರು ಊರೊಳಗೆ ಲೀಟರಿಗೆ 6 ಕಿ.ಮೀ., ಹೆದ್ದಾರಿಯಲ್ಲಿ 10 ಕಿ.ಮೀ. ಕೊಡುತ್ತಿದೆ ಎಂದೂ, ಎಂಜಿನ್ ರೀಮ್ಯಾಪ್ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಹೊಂದಾಣಿಕೆ ಬದಲಿಸುವುದು) ಮಾಡಿಸಿ, ಏರ್ ಫಿಲ್ಟರ್ ಬದಲಿಸಿ, ಹಗುರವಾದ ಅಲಾಯ್ ಚಕ್ರ ಹಾಕಿಸಿದರೆ ಸುಧಾರಿಸೀತೇ ಎಂದೂ ಕೇಳಿದ್ದೀರಿ. ಖರ್ಚಿಗೆ ಕೈಹಾಕುವ ಮೊದಲು ಇಂಧನ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬ ಲೆಕ್ಕವನ್ನು ನೋಡುವುದು ಒಳ್ಳೆಯದು. ಊರೊಳಗೆ ಹೋಗುವ ದಾರಿಯೇ ಬೇರೆ, ಹೆದ್ದಾರಿಯಲ್ಲಿ ಹೋಗುವ ದಾರಿಯೇ ಬೇರೆ.

ಊರೊಳಗೆ ನಿಮ್ಮ ಪೆಟ್ರೋಲನ್ನು ತಿನ್ನುವುದು ತೂಕ ಮತ್ತು ಬ್ರೇಕ್. 2,200 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 305 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೂ ಅದರಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿದರೆ, ನಿಂತ ಕಾರನ್ನು 60ಕ್ಕೆ ತರಲು ಹೆಚ್ಚುಕಡಿಮೆ 38 ಮಿಲಿಲೀಟರ್ ಬೇಕು. ಕಿಲೋಮೀಟರಿಗೆ ಒಮ್ಮೆ ಹೀಗೆ ವೇಗ ಹಿಡಿದು ಮತ್ತೆ ನಿಲ್ಲಿಸಿದರೂ ನೂರು ಕಿ.ಮೀ.ಗೆ ಸುಮಾರು 4 ಲೀಟರ್ ಪೆಟ್ರೋಲ್ ಬ್ರೇಕಿನ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಹೈಬ್ರಿಡ್ ಕಾರುಗಳು ಇದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ಹಿಂತಿರುಗಿಸುತ್ತವೆ. ನಿಮ್ಮ ಕಾರಿಗೆ ಆ ಅನುಕೂಲವಿಲ್ಲ.

ಆದ್ದರಿಂದ ಉಳಿತಾಯವನ್ನು ಬ್ರೇಕ್ ಪೆಡಲಿನಲ್ಲಿ ಹುಡುಕಬೇಕೇ ಹೊರತು ಆಕ್ಸಿಲರೇಟರಿನಲ್ಲಿ ಅಷ್ಟಾಗಿ ಅಲ್ಲ. ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಂಡ ಕೂಡಲೇ ಕಾಲು ತೆಗೆದು, ಗೇರನ್ನು ಹಾಗೆಯೇ ಬಿಟ್ಟರೆ, ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಇಂಧನವನ್ನು ಪೂರ್ತಿಯಾಗಿ ನಿಲ್ಲಿಸಿಬಿಡುತ್ತವೆ. ಕಾರಿನ ಓಟವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನಿಲ್ಲಿಸಲೆಂದೇ ವೇಗ ಇಳಿಸುವಾಗ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡ್ಲಿಂಗಿಗೆ ಬೇಕಾದ ಇಂಧನವನ್ನು ಕುಡಿಯುತ್ತಲೇ ಇರುತ್ತದೆ, ಇಳಿಜಾರಿನಲ್ಲಿ ಅದು ಅಪಾಯಕಾರಿಯೂ ಹೌದು.

ಶಕ್ತಿಶಾಲಿ ಕಾರನ್ನು ಆಮೆಯಂತೆ ಎಬ್ಬಿಸಿಕೊಂಡು ಹೋದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪೆಟ್ರೋಲ್ ಎಂಜಿನ್ ತೀರಾ ಕಡಿಮೆ ಹೊರೆಯಲ್ಲಿ, ಅಂದರೆ ಅದರಿಂದ ಸ್ವಲ್ಪವೇ ಕೆಲಸ ಕೇಳುತ್ತಾ, ಓಡುವಾಗ ಗಾಳಿಯನ್ನು ಒಳಬಿಡುವ ಕವಾಟವಾದ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ, ಆ ಕಿರಿದಾದ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳುವುದಕ್ಕೇ ಪಿಸ್ಟನ್ನುಗಳು ಶ್ರಮಪಡಬೇಕಾಗುತ್ತದೆ. ಅದು ಹೆಚ್ಚು ದಕ್ಷವಾಗಿ ಕೆಲಸ ಮಾಡುವುದು ಕಡಿಮೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು), ಮಧ್ಯಮದಿಂದ ತುಸು ಹೆಚ್ಚಿನ ಹೊರೆ ಇರುವಾಗ. ಆದ್ದರಿಂದ ಹದವಾಗಿ ಒತ್ತಿ, ಬೇಗ ಬೇಗ ಮೇಲಿನ ಗೇರಿಗೆ ಹೋಗಿ, ಬೇಕಾದ ವೇಗ ಬಂದೊಡನೆ ಕಾಲು ಸಡಿಲಿಸುವುದೇ ಸರಿಯಾದ ಕ್ರಮ. ನಿಮ್ಮ ಎಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲೇ ಧಾರಾಳವಾಗಿ ಟಾರ್ಕ್ (ತಿರುಗಿಸುವ ಬಲ) ಇರುವುದರಿಂದ ಇದು ಸಣ್ಣ ಎಂಜಿನ್ನಿಗಿಂತ ಸುಲಭ. ಶೆವ್ರೊಲೆ ಕಂಪನಿಯು 1989ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ 6 ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ, ಚಾಲಕ ಮೆಲ್ಲಗೆ ಓಡಿಸುತ್ತಿದ್ದರೆ ಲಿವರ್ ಒಂದನೇ ಗೇರಿನಿಂದ ನೇರವಾಗಿ ನಾಲ್ಕಕ್ಕೇ ಬೀಳುವಂತೆ ಮಾಡಿತ್ತು. ಅನೇಕ ಮಾಲೀಕರಿಗೆ ಅದು ಕಿರಿಕಿರಿಯಾಗಿದ್ದರೂ ಹಿಂದಿನ ತರ್ಕ ಇದೇ. ಪೆಡಲನ್ನು ಪೂರ್ತಿ ಅದುಮುವುದು ಮಾತ್ರ ಬೇರೆ ಮಾತು: ಆಗ ಹಲವು ಟರ್ಬೊ ಎಂಜಿನ್ನುಗಳು ಬಿಡಿಭಾಗಗಳು ಅತಿಯಾಗಿ ಕಾಯದಿರಲೆಂದು ಅಗತ್ಯಕ್ಕಿಂತ ಹೆಚ್ಚು ಇಂಧನವನ್ನು ಸಿಂಪಡಿಸುತ್ತವೆ.

ಹೆದ್ದಾರಿಯಲ್ಲಿ ಚಿತ್ರ ಬದಲಾಗುತ್ತದೆ. ನಿಮ್ಮ ಗಾತ್ರದ ಕಾರಿಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 430 ನ್ಯೂಟನ್, ಟಯರು ಉರುಳುವಾಗಿನ ತಡೆ ಸುಮಾರು 215 ನ್ಯೂಟನ್ ಎಂದಿಟ್ಟುಕೊಳ್ಳಿ. ಇವೆರಡನ್ನೂ ಗೆಲ್ಲಲು ಬೇಕಾಗುವುದು ಹೆಚ್ಚೆಂದರೆ 25 ಅಶ್ವಶಕ್ತಿ. ಉಳಿದ 375 ಸುಮ್ಮನೆ ಕುಳಿತಿರುತ್ತವೆ. ವೇಗ ಹೆಚ್ಚಿದಂತೆ ಟಯರಿನ ತಡೆ ಅಷ್ಟೇನೂ ಬದಲಾಗುವುದಿಲ್ಲ, ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ 100ರಿಂದ 120ಕ್ಕೆ ಹೋದರೆ ಅದೇ ದೂರಕ್ಕೆ ಚಕ್ರಗಳಲ್ಲಿ ಬೇಕಾದ ಶಕ್ತಿ ಸುಮಾರು ಶೇ. 30ರಷ್ಟು ಹೆಚ್ಚುತ್ತದೆ. ನಿಮ್ಮ ಹೆದ್ದಾರಿಯ 10 ಕಿ.ಮೀ. ಯಾವ ವೇಗದಲ್ಲಿ ಬಂದದ್ದೆಂದು ನೀವು ಬರೆದಿಲ್ಲ. 120ರ ಆಸುಪಾಸಿನಲ್ಲಿ ಬಂದಿದ್ದರೆ ಕಾರಿನಲ್ಲಿ ದೋಷವೇನೂ ಇಲ್ಲ. ಚಾವಣಿಯ ಮೇಲೆ ಕ್ಯಾರಿಯರ್ ಇದ್ದರೆ, ಬಳಸದಿರುವಾಗ ಅದನ್ನು ಬಿಚ್ಚಿಡಿ. ಸಮತಟ್ಟಾದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಒಳ್ಳೆಯದೇ, ಏರಿಳಿತವಿರುವಲ್ಲಿ ಏರುವಾಗ ತುಸು ವೇಗ ಬಿಟ್ಟುಕೊಡುವ ಚಾಲಕನೇ ಮೇಲು.

ಟಯರಿನ ಗಾಳಿಯನ್ನು ಕಾರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಮೇಲೆ ಬರೆದಿರುವ ಒತ್ತಡಕ್ಕೆ ಸರಿಯಾಗಿ ತುಂಬಿಸಿ. ಡಿಕ್ಕಿಯ ಅನವಶ್ಯಕ ಸಾಮಾನನ್ನು ತೆಗೆಯಿರಿ, ಆದರೆ ಅದರಿಂದ ಪವಾಡ ನಿರೀಕ್ಷಿಸಬೇಡಿ: 50 ಕಿಲೋ ಇಳಿಸಿದರೂ ಅದು ನಿಮ್ಮ ಕಾರಿನ ತೂಕದ ಶೇ. 2.3 ಮಾತ್ರ, ಅದಕ್ಕಾಗಿ ಸ್ಟೆಪ್ನಿಯನ್ನು ಮನೆಯಲ್ಲಿ ಬಿಟ್ಟು ಹೋಗುವುದು ಜಾಣತನವಲ್ಲ. ಎರಡು ಮೂರು ಕಿಲೋಮೀಟರಿನ ಬಿಡಿಬಿಡಿ ಓಡಾಟಗಳನ್ನು ಒಂದೇ ಸುತ್ತಿಗೆ ಸೇರಿಸಿಕೊಂಡರೆ ಹೆಚ್ಚು ಲಾಭ, ಏಕೆಂದರೆ ದೊಡ್ಡ ಎಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೂ ಅದು ದುಂದುಗಾರನೇ.

ಒಂದೆರಡು ಕಿಲೋಮೀಟರಿನ ಸುಧಾರಣೆಗೆ ಇಷ್ಟೆಲ್ಲ ಏಕೆ ಎನ್ನಿಸಬಹುದು. ಲೀಟರಿಗೆ 15 ಕೊಡುವ ಕಾರನ್ನು 20ಕ್ಕೆ ತಂದರೆ ನೂರು ಕಿ.ಮೀ.ಗೆ ಉಳಿಯುವುದು ಸುಮಾರು 1.7 ಲೀಟರ್; ನಿಮ್ಮ ಕಾರನ್ನು 6ರಿಂದ ಕೇವಲ 7ಕ್ಕೆ ತಂದರೆ ಉಳಿಯುವುದು ಸುಮಾರು 2.4 ಲೀಟರ್. ಮೈಲೇಜನ್ನು ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಎಣಿಸುವ ಪದ್ಧತಿಯೇ ಭಾರದ ಕಾರಿನ ಉಳಿತಾಯವನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಡ್ಯಾಶ್‌ಬೋರ್ಡಿನ ಅಂಕಿಯನ್ನು ನೆಚ್ಚದೆ, ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸುವವರೆಗಿನ ದೂರ ಮತ್ತು ಲೀಟರನ್ನು ಬರೆದಿಟ್ಟು, ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದೇ ಲೆಕ್ಕ ಹಾಕಿ.

ಇನ್ನು ನೀವು ಕೇಳಿದ ಬದಲಾವಣೆಗಳ ವಿಷಯ. ರೀಮ್ಯಾಪ್‌ಗಳು ಸಾಮಾನ್ಯವಾಗಿ ಹೆಚ್ಚಿಸುವುದು ಮೇಲಿನ ಹೊರೆಯ ಶಕ್ತಿಯನ್ನು; ನಿಮ್ಮ ಬಳಿ ಅದು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ, ವಾರಂಟಿಯೂ ಕೈತಪ್ಪಬಹುದು. ಏರ್ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿನ ಗರಿಷ್ಠ ಶಕ್ತಿ ಕುಗ್ಗುತ್ತದೆ, ಆದರೆ ಮೆಲ್ಲಗೆ ಓಡಿಸುವಾಗ ಥ್ರಾಟಲ್ಲೇ ಗಾಳಿಯನ್ನು ತಡೆದಿರುವುದರಿಂದ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಪೆಟ್ರೋಲ್ ಆಯ್ಕೆಯಲ್ಲಿ ಕೈಪಿಡಿ ಹೇಳಿದ ಆಕ್ಟೇನ್ (ಪೆಟ್ರೋಲಿನ ದರ್ಜೆ ಸೂಚಿಸುವ ಸಂಖ್ಯೆ)ಗಿಂತ ಕೆಳಗಿಳಿಯಬೇಡಿ. ಚಕ್ರದ ಆಸೆಯಿದ್ದರೆ ಈಗಿನ ಟಯರುಗಳು ಸವೆಯುವವರೆಗೆ ಕಾಯಿರಿ; ಆಗ ಕಂಪನಿಯೇ ಒಪ್ಪಿರುವ ಅಳತೆಗಳಲ್ಲಿ ಕಿರಿದಾದದ್ದನ್ನು, ಉರುಳುವ ತಡೆ ಕಡಿಮೆಯಿರುವ ಟಯರಿನೊಂದಿಗೆ ಆರಿಸಿ. ಅದರ ಲೋಡ್ ಇಂಡೆಕ್ಸ್ (ಟಯರು ಹೊರಬಲ್ಲ ತೂಕವನ್ನು ಸೂಚಿಸುವ ಸಂಖ್ಯೆ) ಮಾತ್ರ ಕೈಪಿಡಿಯಲ್ಲಿರುವುದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ.