ಸ್ಮಾರಕಕ್ಕೆ ಮೊದಲು ಮರ, ಆಮೇಲೆ ನೀರು

ಪುಣೆಯಲ್ಲಿ ನಿಮ್ಮ ಕನ್ನಡ ಸಂಘದ ಹಿಂದೆ ನಾಲ್ಕು ಗುಂಟೆ ಜಾಗ ಖಾಲಿ ಇದೆ, ಕೋವಿಡ್‌ನಲ್ಲಿ ಹೋದವರ ನೆನಪಿಗೆ ನೀರು, ಮರ, ಬೆಳಕು ಇರುವ ಒಂದು ತಾಣ ಮಾಡಬೇಕು, ಕಾರಂಜಿಯಿಂದ ಶುರು ಮಾಡಲೇ ಎಂದು ಕೇಳಿದ್ದೀರಿ. ಇದೇ ಊರಲ್ಲಿ ಲ್ಯಾಂಡ್‌ಸ್ಕೇಪ್ ಕೆಲಸ ಮಾಡುವವನಾಗಿ ಹೇಳುತ್ತೇನೆ, ಬೇಡ.

ನಿಮ್ಮ ತಲೆಯಲ್ಲಿ ನ್ಯೂಯಾರ್ಕಿನ 9/11 ಸ್ಮಾರಕ ಇರಬೇಕು, ಅಲ್ವಾ? ಅಲ್ಲಿ ಒಂದೊಂದು ಕೊಳವೂ ಹೆಚ್ಚುಕಮ್ಮಿ ಒಂದು ಎಕರೆ. ನೀರು 30 ಅಡಿ ಕೆಳಗೆ ಬೀಳುತ್ತದೆ, ಆ ಸದ್ದಿಗೆ ಊರಿನ ಗದ್ದಲ ಅಡಗುತ್ತದೆ. ಸುತ್ತ 400ಕ್ಕೂ ಜಾಸ್ತಿ ಮರ. ನೋಡಿಕೊಳ್ಳಲು ದೊಡ್ಡ ಸಂಸ್ಥೆಯೇ ಇದೆ. ನಮಗೆ ಏಪ್ರಿಲ್ ಬಂದರೆ ಟ್ಯಾಂಕರ್ ಗತಿ. ದುಡ್ಡು ಕೊಟ್ಟು ತರಿಸಿದ ನೀರನ್ನು ಕಾರಂಜಿಗೆ ಬಿಟ್ಟರೆ ಸಂಘದ ಮೀಟಿಂಗಲ್ಲೇ ಜಗಳ ಶುರುವಾಗುತ್ತದೆ, ಪಂಪ್ ಕೆಟ್ಟು ನೀರು ನಿಂತರೆ ಸೊಳ್ಳೆ, ಡೆಂಗಿ ಬೇರೆ.

ಮೊದಲು ಬಕುಳದ ಸಸಿ ತನ್ನಿ. ವರ್ಷಪೂರ್ತಿ ಹಸಿರು, ದಟ್ಟ ನೆರಳು, ಉದುರಿದ ಹೂವು ಒಣಗಿದರೂ ಘಮ ಹೋಗುವುದಿಲ್ಲ. ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಆಳೆತ್ತರದ್ದೇ ಕೊಳ್ಳಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಗುಲ್‌ಮೊಹರ್ ಬೇಡ, ಗಾಳಿಮಳೆಗೆ ಕೊಂಬೆ ಮುರಿದು ಬೀಳುತ್ತದೆ.

ನೀರು ಬೇಕೇ ಬೇಕು ಎಂದರೆ ಕಪ್ಪು ಗ್ರಾನೈಟಿನ ತೊಟ್ಟಿಯಲ್ಲಿ ಎರಡು ಇಂಚು ಸಾಕು. ತಳ ಕಪ್ಪಗಿದ್ದರೆ ಆಕಾಶ, ಕೊಂಬೆ ಎಲ್ಲ ಅದರಲ್ಲಿ ಕಾಣುತ್ತದೆ, ಆಳ ಲೆಕ್ಕಕ್ಕೇ ಬರುವುದಿಲ್ಲ. ಮೂಲೆಯಲ್ಲೊಂದು ತೂತು ಇಟ್ಟು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಆ ನೀರು ಮರದ ಬುಡಕ್ಕೆ ಹೋಗಲಿ. ಬೋರ್‌ವೆಲ್ ನೀರಾದರೆ ಕಲ್ಲಿನ ಮೇಲೆ ಬಿಳಿ ಕಲೆ ಕೂರುತ್ತದೆ, ಉಜ್ಜುತ್ತಿರಬೇಕು. ಅಂದಹಾಗೆ, ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಸ್ಮಾರಕ (1982) ಇದೆಯಲ್ಲ, ಅಲ್ಲಿ ನೀರೇ ಇಲ್ಲ. ಹೊಳಪಿನ ಕಪ್ಪು ಗ್ರಾನೈಟ್ ಗೋಡೆಯಲ್ಲಿ ಹೆಸರಿನ ಜೊತೆ ಓದುವವರ ಮುಖವೂ ಕಾಣುತ್ತದೆ. ಆ ಕಲ್ಲು ಹೋಗಿದ್ದು ನಮ್ಮ ಬೆಂಗಳೂರು ಕಡೆಯಿಂದ!

ಬೆಳಕಿನಲ್ಲಿ ಜನ ದುಡ್ಡು ಸುಮ್ನೆ ಸುರಿಯುತ್ತಾರೆ. ಮರಕ್ಕೆ ಹಸಿರು ಫ್ಲಡ್‌ಲೈಟ್ ಹಾಕಿದರೆ ಮದುವೆ ಹಾಲ್ ಥರ ಆಗುತ್ತದೆ. ದಾರಿಗೆ ಮೊಣಕಾಲೆತ್ತರದ ಹಳದಿ ದೀಪ ಸಾಕು, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಕೇಳಿ ತನ್ನಿ, ಬಲ್ಬ್ ಕಣ್ಣಿಗೆ ಹೊಡೆಯಬಾರದು. ಹೋದವರ ಹೆಸರು ಕೆತ್ತುವ ಕಲ್ಲಿಗೆ ಮಾತ್ರ ಎದುರಿನಿಂದ ಬೆಳಕು ಬಿಡಬೇಡಿ, ಕೆತ್ತಿದ ಅಕ್ಷರ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಬಿಟ್ಟರೆ ಅಕ್ಷರದೊಳಗೆ ನೆರಳು ಬಿದ್ದು ವಯಸ್ಸಾದವರಿಗೂ ಓದಲು ಬರುತ್ತದೆ. ಆರ್ಡರ್ ಕೊಡುವ ಮುಂಚೆ ಸ್ಯಾಂಪಲ್ ಕಲ್ಲಿನಲ್ಲಿ ಒಂದು ಹೆಸರು ಕೆತ್ತಿಸಿ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ. ಎಲೆಕ್ಟ್ರಿಷಿಯನ್‌ನನ್ನು ಆಮೇಲೆ ಕರೆಸಿ.