ರಕ್ತದೊತ್ತಡ ಸರಿಹೋದರೂ ಮೂತ್ರಪಿಂಡ ಚೇತರಿಸಿಕೊಳ್ಳಲು ತಡವೇಕೆ?

ಪ್ರಶ್ನೆ: ತೀವ್ರ ವಾಂತಿಭೇದಿಯಿಂದ ನಮ್ಮ ತಂದೆಯವರ ರಕ್ತದೊತ್ತಡ ಕುಸಿದು ಮೂತ್ರಪಿಂಡಗಳಿಗೆ ಪೆಟ್ಟುಬಿತ್ತು. ಡ್ರಿಪ್ ಹಾಕಿದ ದಿನವೇ ರಕ್ತದೊತ್ತಡ ಸರಿಹೋದರೂ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯ) ಮತ್ತೆರಡು ದಿನ ಏರುತ್ತಲೇ ಇತ್ತು. ಮೈಟೊಕಾಂಡ್ರಿಯಗಳು ಘಾಸಿಗೊಂಡಿವೆ ಎಂದರು ವೈದ್ಯರು. ಹಾಗೆಂದರೇನು? ಕೋಎನ್‌ಜೈಮ್ ಕ್ಯೂ10 ಮಾತ್ರೆ ಕೊಡಬಹುದೆ?

ಉತ್ತರ: ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಶೇ. 99ರಷ್ಟನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಸೋಸುವ ಕೆಲಸ ರಕ್ತದ ಒತ್ತಡದಿಂದಲೇ ನಡೆದುಹೋಗುತ್ತದೆ. ದುಬಾರಿಯಾದದ್ದು ಮರಳಿ ಹೀರುವ ಕೆಲಸ. ಸೋಡಿಯಂ ಅನ್ನು ಹಗಲಿರುಳು ರಕ್ತದತ್ತ ದಬ್ಬುವ ನಾಳಕೋಶಗಳಿಗೆ (ಸೋಸಿದ ದ್ರವ ಹರಿಯುವ ಸಣ್ಣ ನಾಳಗಳ ಗೋಡೆಯ ಕೋಶಗಳಿಗೆ) ಎಟಿಪಿ ಎಂಬ ಶಕ್ತಿಕಣ ಸತತವಾಗಿ ಬೇಕು, ಅದನ್ನು ತಯಾರಿಸುವುದು ಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಘಟಕಗಳು. ಸ್ನಾಯುಗಳು ಆಮ್ಲಜನಕದ ಕೊರತೆಯಲ್ಲೂ ಗ್ಲೂಕೋಸ್ ಒಡೆದು ಸ್ವಲ್ಪ ಹೊತ್ತು ಕಾಲ ತಳ್ಳಬಲ್ಲವು. ಮುಖ್ಯವಾಗಿ ಕೊಬ್ಬಿನಾಮ್ಲವನ್ನೇ ಉರಿಸಿ ಬದುಕುವ ಈ ನಾಳಕೋಶಗಳಿಗೆ ಆ ಅನುಕೂಲ ಬಹಳ ಕಡಿಮೆ.

ಆದ್ದರಿಂದ ರಕ್ತ ಹರಿಯುವುದು ತಗ್ಗಿದ ಕೆಲವೇ ನಿಮಿಷಗಳಲ್ಲಿ ಎಟಿಪಿ ಕುಸಿಯುತ್ತದೆ, ಉದ್ದನೆಯ ಮೈಟೊಕಾಂಡ್ರಿಯಗಳು ತುಂಡುತುಂಡಾಗಿ ಊದಿಕೊಳ್ಳುತ್ತವೆ. ರಕ್ತ ಮರಳಿದಾಗ ಎಲ್ಲವೂ ಸರಿಹೋಗಬೇಕಲ್ಲವೆ ಎಂದು ನಮಗನ್ನಿಸುವುದು ಸಹಜ. ಆದರೆ ಹಾಳಾದ ಮೈಟೊಕಾಂಡ್ರಿಯಗಳಿಗೆ ಏಕಾಏಕಿ ಆಮ್ಲಜನಕ ಒದಗಿದಾಗ ಅವು ಶಕ್ತಿಯ ಜೊತೆಗೆ ಕೋಶವನ್ನೇ ಸುಡುವ ಆಮ್ಲಜನಕದ ಉಗ್ರ ರೂಪಗಳನ್ನೂ ಹೊರಸೂಸುತ್ತವೆ. ಮೈಟೊಕಾಂಡ್ರಿಯಗಳ ಪೊರೆ ಒಡೆದು ಸೋರಿದ ಡಿಎನ್‌ಎ ಉರಿಯೂತವನ್ನು ಕೆರಳಿಸುತ್ತದೆ. ಸತ್ತ ಕೋಶಗಳು ಕಳಚಿ ನಾಳಕ್ಕೇ ಅಡ್ಡ ಕೂರುತ್ತವೆ. ಉಳಿದ ಕೋಶಗಳು ಕೆಟ್ಟ ಮೈಟೊಕಾಂಡ್ರಿಯಗಳನ್ನು ಜೀರ್ಣಿಸಿ, ಹೊಸದನ್ನು ಕಟ್ಟಿಕೊಂಡು, ಆಮೇಲೆ ವಿಭಜನೆಗೊಂಡು ತೆರವಾದ ಜಾಗ ತುಂಬಬೇಕು. ಇದಕ್ಕೆ ದಿನಗಳೇಕೆ, ವಾರಗಳೂ ಹಿಡಿಯಬಹುದು. ಕ್ರಿಯಾಟಿನಿನ್ ಅಂತೂ ಪೆಟ್ಟುಬಿದ್ದ ಬಹಳ ಹೊತ್ತಿನ ಮೇಲೆ ಏರುವ ಸೂಚಕವಾದ್ದರಿಂದ, ಆ ಎರಡು ದಿನದ ಏರಿಕೆಯೊಂದನ್ನೇ ಕಂಡು ಚಿಕಿತ್ಸೆ ಫಲಿಸಲಿಲ್ಲವೆಂದು ಭಾವಿಸಬೇಕಾಗಿಲ್ಲ.

ಮೈಟೊಕಾಂಡ್ರಿಯ ಎಟಿಪಿ ತಯಾರಿಸಲು ಬಳಸುವ ಕ್ಯೂ10 ಅನ್ನು ದೇಹವೇ ತಯಾರಿಸಲಾಗದ ಅಪರೂಪದ ಆನುವಂಶಿಕ ಮೂತ್ರಪಿಂಡ ರೋಗಗಳಲ್ಲಿ ಆ ಮಾತ್ರೆ ನಿಜಕ್ಕೂ ಉಪಯುಕ್ತ. ನಿಮ್ಮ ತಂದೆಯವರಿಗಾದಂಥ ಪೆಟ್ಟಿಗೆ ಅದು ಸ್ಥಾಪಿತ ಚಿಕಿತ್ಸೆಯಲ್ಲ, ನಾನಾದರೆ ಕೊಡೆನು. ಅದಕ್ಕಿಂತ ಮುಖ್ಯವಾದದ್ದು ಚೇತರಿಸಿಕೊಳ್ಳುತ್ತಿರುವ ಕೋಶಗಳಿಗೆ ಎರಡನೆಯ ಪೆಟ್ಟು ಬೀಳದಂತೆ ಕಾಯುವುದು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಮೂತ್ರಪಿಂಡದ ರಕ್ತಪೂರೈಕೆಯನ್ನು ತಗ್ಗಿಸುತ್ತವೆ, ಜೆಂಟಮೈಸಿನ್ ಎಂಬ ಪ್ರತಿಜೀವಕ ನಾಳಕೋಶಗಳಲ್ಲೇ ಶೇಖರಗೊಂಡು ಮೈಟೊಕಾಂಡ್ರಿಯಗಳನ್ನು ಕೆಡಿಸುತ್ತದೆ. ಆದ್ದರಿಂದ ಯಾವ ಔಷಧಕ್ಕೂ ಮೊದಲು ಈ ಕಾಯಿಲೆಯ ವಿಷಯವನ್ನು ವೈದ್ಯರಿಗೆ ತಿಳಿಸಿ. ಮೂರು ತಿಂಗಳಾದಾಗ ಕ್ರಿಯಾಟಿನಿನ್ ಜೊತೆ ಮೂತ್ರದ ಆಲ್ಬುಮಿನ್ (ಒಂದು ಪ್ರೋಟೀನ್) ಪರೀಕ್ಷೆಯನ್ನೂ ತಪ್ಪದೆ ಮಾಡಿಸಿ.