ತುಮಕೂರಿನ ಅಮಾನಿಕೆರೆ ಹತ್ತಿರ ಸಿಕ್ಕ ಬಿಳಿ ಮೊಲವನ್ನು ದೇವರಾಯನದುರ್ಗದ ಕಾಡಿಗೆ ಬಿಡಬಹುದಾ?

ದಯವಿಟ್ಟು ಬಿಡಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಇದನ್ನು ಮೊದಲು ಹೇಳಿಬಿಡುತ್ತೇನೆ.

ನೀವು ಬರೆದಿರುವುದು ಇಷ್ಟು: ಬೆಳಿಗ್ಗೆ ವಾಕಿಂಗ್ ಹೋದಾಗ ಪಾರ್ಕಿನ ಬೇಲಿ ಪಕ್ಕ ಕೆಂಪು ಕಣ್ಣಿನ ಬಿಳಿ ಮೊಲ ಸಿಕ್ಕಿತು, ಕಿವಿಯೊಳಗೆಲ್ಲ ಹಕ್ಕಳೆ ಕಟ್ಟಿದೆ, ಮನೆಗೆ ತಂದು ರಟ್ಟಿನ ಡಬ್ಬದಲ್ಲಿ ಇಟ್ಟಿದ್ದೀರಿ, ಕ್ಯಾರೆಟ್ ಕೊಟ್ಟರೆ ಮೂಸಿ ನೋಡಿ ಸುಮ್ಮನಾಯಿತು. ಮನೆಯಲ್ಲಿ ನಾಯಿ ಇದೆ. ಅದಕ್ಕೇ ಭಾನುವಾರ ದೇವರಾಯನದುರ್ಗದ ಕಡೆ ಬಿಟ್ಟು ಬಂದರೆ ತನ್ನ ಪಾಡಿಗೆ ತಾನು ಬದುಕಿಕೊಳ್ಳುತ್ತದಾ ಅಂತ ಕೇಳಿದ್ದೀರಿ.

ಬದುಕಿಕೊಳ್ಳಲ್ಲ. ಈ ಗೊಂದಲ ನಿಮ್ಮೊಬ್ಬರದಲ್ಲ, ನಮ್ಮ ಭಾಷೆಯಲ್ಲೇ ಇದೆ. ಇಂಗ್ಲಿಷ್‌ನಲ್ಲಿ ಹೇರ್ ಬೇರೆ, ರ‍್ಯಾಬಿಟ್ ಬೇರೆ. ನಾವು ಎರಡಕ್ಕೂ ಮೊಲ ಅಂತಲೇ ಅಂತೀವಿ, ಹಾಗಾಗಿ ರಾಗಿ ಹೊಲದಲ್ಲಿ ಕಣ್ಮುಂದೆ ಚಂಗನೆ ಹಾರಿ ಹೋಗುವ ಕಾಡುಮೊಲ, ಅಂಗಡಿಯ ಪಂಜರದಲ್ಲಿ ಮಾರುವ ಬಿಳಿ ಮೊಲ, ಎರಡೂ ಒಂದೇ ಅಂದುಕೊಳ್ಳುತ್ತೇವೆ. ಕಾಡುಮೊಲ ಕಂದು ಬಣ್ಣದ್ದು, ಕಾಲು ಉದ್ದ, ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ. ನಿಮ್ಮ ಮನೆಯಲ್ಲಿರುವುದರ ಮೂಲ ಯುರೋಪಿನ ಸ್ಪೇನ್, ಪೋರ್ಚುಗಲ್ ಕಡೆಯದು. ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಬೋಳು ಮೈಯಲ್ಲಿ ಹುಟ್ಟುತ್ತವೆ. ತಲೆತಲಾಂತರದಿಂದ ಮನುಷ್ಯರ ಕೈಯಲ್ಲೇ ಬೆಳೆದ ಪ್ರಾಣಿ ಅದು. ದೇವರಾಯನದುರ್ಗದಲ್ಲಿ ಚಿರತೆ ಇದೆ, ಕಾಡಂಚಿನ ಊರುಗಳಲ್ಲಿ ಬೀದಿ ನಾಯಿಗಳಿವೆ. ಕತ್ತಲಲ್ಲಿ ಬೆಳ್ಳಗೆ ಎದ್ದು ಕಾಣುವ ಇದಕ್ಕೆ ಬಚ್ಚಿಟ್ಟುಕೊಳ್ಳಲು ಬಿಲವಿಲ್ಲ, ಯಾವ ಸೊಪ್ಪು ತಿನ್ನಬೇಕು ಅನ್ನುವುದೂ ಗೊತ್ತಿಲ್ಲ. ಒಂದು ರಾತ್ರಿ ಕಳೆಯುವುದೇ ಕಷ್ಟ.

ಇದನ್ನು ನಿಮಗಿಂತ ಮೊದಲು ಯಾರೋ ಒಬ್ಬರು ಅಮಾನಿಕೆರೆ ಹತ್ತಿರ ಬಿಟ್ಟು ಹೋಗಿದ್ದಾರಲ್ವಾ, ಅವರೂ ಬಹುಶಃ ಇದೇ ತರ ಯೋಚನೆ ಮಾಡಿರುತ್ತಾರೆ. ಹುಲ್ಲಿದೆ, ನೀರಿದೆ, ಆರಾಮಾಗಿ ಇರುತ್ತೆ ಅಂತ.

ನಾನು ಇರುವುದು ಎಸ್.ಎಸ್.ಪುರಂನಲ್ಲಿ. ಸದ್ಯ ನಮ್ಮ ಮಹಡಿ ಮೇಲಿನ ರೂಮಿನಲ್ಲಿ ಮೂರು ಮೊಲ ಇವೆ, ಮೂರೂ ಯಾರೋ ಬಿಟ್ಟು ಹೋದವೇ. ನನಗೆ ಇದನ್ನೆಲ್ಲ ಕಲಿಸಿದ್ದು ಶೆಟ್ಟಿಹಳ್ಳಿ ಕಡೆ ಇರುವ ಒಬ್ಬ ರಿಟೈರ್ಡ್ ಟೀಚರ್. ನಾವೆಲ್ಲ ಅವರನ್ನು ಟೀಚರ್ ಅಂತಲೇ ಕರೆಯುವುದು. ಅವರ ಹತ್ತಿರ ಬೋರ್ಡಿಲ್ಲ, ಟ್ರಸ್ಟ್ ಇಲ್ಲ. ಮೊಲಗಳನ್ನು ನೋಡಿಕೊಳ್ಳುವುದೆಲ್ಲ ಪೆನ್ಷನ್ ದುಡ್ಡಿನಲ್ಲೇ ನಡೆಯುತ್ತದೆ. ಅಂತರಸನಹಳ್ಳಿ ಮಾರ್ಕೆಟ್ಟಿನಿಂದ ಒಬ್ಬ ಹುಡುಗ ಮಾರಾಟವಾಗದೆ ಉಳಿದ ಕೊತ್ತಂಬರಿ ಸೊಪ್ಪು ತಂದುಕೊಡುತ್ತಾನೆ, ಹೂವಿನ ಅಂಗಡಿ ಅಕ್ಕ ಪೂಜೆಗೆ ತಂದು ಮಿಕ್ಕ ಗರಿಕೆ ಕಟ್ಟುಗಳನ್ನು ಎತ್ತಿಟ್ಟಿರುತ್ತಾರೆ. ಟೀಚರ್ ಬೆಳಿಗ್ಗೆ ಎದ್ದ ತಕ್ಷಣ ಮೊದಲು ನೋಡುವುದು ಹಿಕ್ಕೆ. ಕಾಫಿ ಆಮೇಲೆ. ಪ್ರತಿ ಮೊಲದ ಹಿಕ್ಕೆ ಎಷ್ಟು ಬಿದ್ದಿದೆ, ಕಡಲೆಕಾಳಿನಷ್ಟು ದಪ್ಪ ಇದೆಯಾ, ಸಾಸಿವೆಯಷ್ಟು ಸಣ್ಣಗಾಗಿದೆಯಾ, ಒಂದಕ್ಕೊಂದು ಕೂದಲಿನಲ್ಲಿ ಪೋಣಿಸಿದ ಹಾಗಿದೆಯಾ ಅಂತ ಬಗ್ಗಿ ನೋಡಿ ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಮೊಲ ನೋವು ತೋರಿಸಿಕೊಳ್ಳಲ್ಲ. ನಾಯಿ ಕುಂಯ್ ಅನ್ನುತ್ತದೆ, ಬೆಕ್ಕು ಕಾಲಿಗೆ ಸುತ್ತಿಕೊಳ್ಳುತ್ತದೆ, ಹಸು ಅಂಬಾ ಅನ್ನುತ್ತದೆ. ಮೊಲ ಮೂಲೆಯಲ್ಲಿ ಮುದುಡಿ ಕೂರುತ್ತದೆ ಅಷ್ಟೆ, ಮನೆಯವರು ಪಾಪ ಎಷ್ಟು ಸಾಧು ಅಂದುಕೊಳ್ಳುತ್ತಾರೆ. ಹಲ್ಲು ಜೋರಾಗಿ ಕಟಕಟ ಅನ್ನಿಸುತ್ತಿದ್ದರೆ ಅದು ನೋವು.

ಎರಡು ವರ್ಷದ ಹಿಂದೆ ಬಟವಾಡಿ ಕಡೆಯ ಒಂದು ಮನೆಗೆ ಟೀಚರ್ ಜೊತೆ ಹೋಗಿದ್ದೆ. ಫೋನಿನಲ್ಲಿ ನಾಲ್ಕೈದು ಮೊಲ ಇದೆ ಅಂದಿದ್ದರು. ಮೆಟ್ಟಿಲ ಕೆಳಗೆ, ನೀರಿನ ಸಂಪ್ ಪಕ್ಕ, ಲವ್ ಬರ್ಡ್ಸ್ ಸಾಕುವ ತಂತಿ ಪಂಜರದಲ್ಲಿ 17 ಇದ್ದವು. ಮಗಳ ಹುಟ್ಟುಹಬ್ಬಕ್ಕೆ ಅಂತ ಒಂದು ಜೋಡಿ ತಂದಿದ್ದರಂತೆ, ಇನ್ನೂ ವರ್ಷ ತುಂಬಿರಲಿಲ್ಲ. ಹೆಣ್ಣು ಮೊಲದ ಗರ್ಭ ಸುಮಾರು 31 ದಿನ, ಮರಿ ಹಾಕಿದ ದಿನವೇ ಮತ್ತೆ ಗರ್ಭ ನಿಲ್ಲಬಹುದು, ಮರಿಗಳೂ ನಾಲ್ಕೈದು ತಿಂಗಳಿಗೆ ಬೆಳೆದು ನಿಲ್ಲುತ್ತವೆ. ಮಾರುವವರು ಇದನ್ನೆಲ್ಲ ಹೇಳಿರಲ್ಲ. ಒಂದು ದೊಡ್ಡ ಗಂಡು ಮೊಲವನ್ನು ನಾನು ಎತ್ತಿಕೊಂಡಾಗ ಹಿಂಗಾಲಿನ ಅಡಿ ನೋಡಿದೆ. ಅಲ್ಲಿ ಕೂದಲೇ ಇರಲಿಲ್ಲ. ತಂತಿ ಮೇಲೆ ಕೂತು ಕೂತು ಚರ್ಮ ಸವೆದು, ಎರಡೂ ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಹಸಿ ಗಾಯ. ಮುಂದಿನ ಹಲ್ಲು ಬೆಳೆದು ಕೆಳ ತುಟಿಗೆ ಒತ್ತಿತ್ತು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅರೆದು ಅರೆದೇ ಅದು ಸವೆಯಬೇಕು. ಅವರು ಪ್ರೀತಿಯಿಂದಲೇ ಹಾಕುತ್ತಿದ್ದದ್ದು ಅನ್ನ, ಬಿಸ್ಕತ್ತು, ಕ್ಯಾರೆಟ್. ಆ ಮನೆಯಮ್ಮ ಕೆಟ್ಟವರಲ್ಲ, ಪಂಜರ ಹೊರಗೆ ತರುವಾಗ ಅಳುತ್ತಿದ್ದರು. ಆದರೂ ನನಗೆ ಅವತ್ತು ಬಂದ ಕೋಪ ಇನ್ನೂ ಪೂರ್ತಿ ಹೋಗಿಲ್ಲ.

ಆ 17ರಲ್ಲಿ ಒಂದು ನನ್ನ ಕೈಯಲ್ಲೇ ಹೋಯಿತು. ಹೇಳಲೇಬೇಕು, ಯಾಕೆಂದರೆ ನಿಮಗೆ ಇದು ಉಪಯೋಗಕ್ಕೆ ಬರುತ್ತದೆ. ಸಣ್ಣ ಬೂದು ಮರಿ, ಸೀನುತ್ತಿತ್ತು. ಹತ್ತಿರದ ಒಂದು ಕ್ಲಿನಿಕ್ಕಿಗೆ ತೋರಿಸಿದೆ. ಅಲ್ಲಿ ಜಾಸ್ತಿ ಬರುವುದು ನಾಯಿ, ಹಸು. ಕುಡಿಸಲು ಅಮಾಕ್ಸಿಸಿಲಿನ್ ಸಿರಪ್ ಕೊಟ್ಟರು. ಪೆನಿಸಿಲಿನ್ ಜಾತಿಯ ಔಷಧ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಂಟುಮಾಡುವವು ಮೇಲುಗೈ ಪಡೆಯುತ್ತವೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಮೂರನೇ ದಿನ ಭೇದಿ ಶುರುವಾಯಿತು, ನಾಲ್ಕನೇ ದಿನ ಬೆಳಗಿನ ಜಾವ ನನ್ನ ದುಪಟ್ಟಾದಲ್ಲೇ ತಣ್ಣಗಾಯಿತು. ಹಾಗಾಗಿ ಯಾರೇ ಔಷಧ ಬರೆದುಕೊಟ್ಟರೂ ‘ಇದು ಮೊಲಕ್ಕೆ ಆಗುತ್ತಾ, ನೀವು ಮೊದಲು ಮೊಲಕ್ಕೆ ಕೊಟ್ಟಿದ್ದೀರಾ’ ಅಂತ ಕೇಳಿ, ಸಂಕೋಚ ಬೇಡ. ನಾಯಿಗೆ ಹಾಕುವ ಉಣ್ಣೆ ಔಷಧದಲ್ಲಿ ಫಿಪ್ರೊನಿಲ್ ಇದ್ದರೆ ಮೊಲದ ಮೈಗೆ ಮುಟ್ಟಿಸಲೇಬೇಡಿ, ಪ್ರಾಣ ಹೋಗಬಹುದು.

ಈಗ ನಿಮ್ಮ ಮೊಲದ ವಿಷಯ. ಕಿವಿಯ ಹಕ್ಕಳೆ ಪದರ ಪದರವಾಗಿ, ಒಣಗಿದ ದೋಸೆ ಹಿಟ್ಟಿನ ತರ ಇದ್ದರೆ ಅದು ಬಹುತೇಕ ಕಿವಿ ಹುಳದ ಕಾಟ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳ. ಕೀಳಲು ಹೋಗಬೇಡಿ, ಒಳಗೆ ಹಸಿ ಮಾಂಸ ಇರುತ್ತದೆ. ಸಾಮಾನ್ಯವಾಗಿ ಡಾಕ್ಟರು ತೂಕ ನೋಡಿ ಐವರ್‌ಮೆಕ್ಟಿನ್ ಕೊಡುತ್ತಾರೆ, ಎರಡು ವಾರದ ಆಸುಪಾಸಿನಲ್ಲಿ ಇನ್ನೊಂದು ಸಲ. ಹಕ್ಕಳೆ ತಾನಾಗೇ ಉದುರುತ್ತದೆ, ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಾಗ ಆಗುವ ಸಂತೋಷವೇ ಬೇರೆ. ಮನೆಯಲ್ಲೇ ಅಂದಾಜಿನ ಮೇಲೆ ಕೊಡಬೇಡಿ.

ಕಿವಿಗಿಂತ ಅರ್ಜೆಂಟ್ ಅದರ ಹೊಟ್ಟೆ. ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ ಇದ್ದರೆ ಕರುಳು ನಿಂತುಹೋಗಬಹುದು. ಕ್ಯಾರೆಟ್ ಸಿಹಿ, ಅದು ಅಪರೂಪಕ್ಕೆ ಒಂದು ಚೂರು ಸಾಕು. ಗರಿಕೆ ತನ್ನಿ, ನಾಯಿ ಓಡಾಡದ, ಔಷಧ ಹೊಡೆಯದ ಜಾಗದ್ದು. ಒಣಹುಲ್ಲು ಸಿಕ್ಕರೆ ಇನ್ನೂ ಒಳ್ಳೆಯದು, ಅದು ಯಾವಾಗಲೂ ಅದರ ಮುಂದೆ ಇರಬೇಕು. ಜೊತೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು. ನೀರನ್ನು ಭಾರದ ಬಟ್ಟಲಲ್ಲಿ ಇಡಿ. ಈರುಳ್ಳಿ, ಆಲೂಗಡ್ಡೆ, ಚಪಾತಿ ಏನೂ ಬೇಡ. ಅದು ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುವುದು ಕಂಡರೆ ಗಾಬರಿ ಬೇಡ, ಅದು ಅದಕ್ಕೆ ಬೇಕೇ ಬೇಕು.

ಕೊಳಕಾಗಿದೆ ಅಂತ ಸ್ನಾನ ಮಾಡಿಸಬೇಡಿ, ಆ ಗಾಬರಿಗೇ ಎದೆ ನಿಂತ ಮೊಲಗಳಿವೆ. ನಾಯಿಯನ್ನು ಬೇರೆ ರೂಮಿನಲ್ಲಿ ಕಟ್ಟಿ, ವಾಸನೆಯೂ ಬರದಷ್ಟು ದೂರ ಆದರೆ ಒಳ್ಳೆಯದು. ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಮೈಗೆ ಒತ್ತಿ ಹಿಡಿಯಿರಿ. ಗಾಳಿಯಲ್ಲಿ ಒದ್ದಾಡಿದರೆ ತನ್ನ ಬೆನ್ನುಮೂಳೆ ತಾನೇ ಮುರಿದುಕೊಳ್ಳಬಹುದು. 30 ಡಿಗ್ರಿ ದಾಟಿದರೆ ಮೊಲಕ್ಕೆ ತಡೆಯಲ್ಲ, ನಮ್ಮ ಏಪ್ರಿಲ್ ಬಿಸಿಲು ಗೊತ್ತೇ ಇದೆ. ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಅದೇ ಬಂದು ಒರಗಿಕೊಳ್ಳುತ್ತದೆ. ಅದು ಹೆಣ್ಣಾಗಿದ್ದು, ಹೊಟ್ಟೆಯ ಕೂದಲು ಕಿತ್ತು ರಾಶಿ ಮಾಡಲು ಶುರುಮಾಡಿದರೆ ಮರಿ ಹಾಕುವ ಹಾಗಿದೆ ಅಂತ, ತಕ್ಷಣ ಒಂದು ಡಬ್ಬದಲ್ಲಿ ಹುಲ್ಲು ಹಾಕಿ ಕೊಡಿ.

ಮೊಲ ನೋಡಿ ಅಭ್ಯಾಸ ಇರುವ ಡಾಕ್ಟರು ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ, ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಬೇಗ, ಬಿಸಿಲೇರುವ ಮೊದಲು ಹೊರಡಿ. ಸಂತಾನಹರಣದ ಬಗ್ಗೆಯೂ ಅಲ್ಲೇ ಕೇಳಿ. ಆಪರೇಷನ್ ಮಾಡಿಸದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ಗಂಡಿಗೆ ಮಾಡಿಸಿದರೂ ಕೆಲವು ವಾರ ಹೆಣ್ಣಿನ ಹತ್ತಿರ ಬಿಡುವ ಹಾಗಿಲ್ಲ.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಸಿಕ್ಕುವ ಹಾಗೆ ಬಿಟ್ಟು ಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಕಟ್ಟು ಸೊಪ್ಪಿನ ಬೆಲೆ.

ನಿಮಗೆ ಇಟ್ಟುಕೊಳ್ಳಲು ಆಗುವುದೇ ಇಲ್ಲ ಅಂದರೆ ಬೇಜಾರಿಲ್ಲ, ಮೊಲ ಎಂಟು ಹತ್ತು ವರ್ಷ ಬದುಕುತ್ತದೆ, ನಾಯಿ ಇರುವ ಮನೆಗೆ ಅದು ದೊಡ್ಡ ಜವಾಬ್ದಾರಿ. ನನಗೆ ಮೆಸೇಜ್ ಮಾಡಿ. ಟೀಚರ್ ಮನೆಯಲ್ಲಿ ಜಾಗ ಇಲ್ಲ, ನಮ್ಮಲ್ಲಿ ಒಂದು ಮೂಲೆ ಇದೆ. ಹೊಸ ಮೊಲವನ್ನು ಹಳೆಯವುಗಳ ಜೊತೆ ತಕ್ಷಣ ಬಿಡುವ ಹಾಗಿಲ್ಲ, ಕಚ್ಚಾಡಿ ಚರ್ಮ ಹರಿದುಕೊಳ್ಳುತ್ತವೆ, ಅದಕ್ಕೆ ಎರಡು ದಿನ ಟೈಮ್ ಕೊಟ್ಟರೆ ತಡಿಕೆ ಕಟ್ಟಿಸುತ್ತೇನೆ. ಅಲ್ಲಿವರೆಗೆ ಗರಿಕೆ ಹಾಕಿ, ಡಬ್ಬದ ತಳಕ್ಕೆ ಹಳೇ ಟವೆಲ್ ಹಾಸಿ, ಲೈಟ್ ಆರಿಸಿ ಬಿಡಿ. ನಾಳೆ ಬೆಳಿಗ್ಗೆ ಹಿಕ್ಕೆ ಎಷ್ಟು ಬಿದ್ದಿದೆ, ಎಷ್ಟು ದಪ್ಪ ಇದೆ ಅಂತ ನೋಡಿ ಇಲ್ಲೇ ಬರೆಯಿರಿ. ಒಂದೂ ಇಲ್ಲ ಅಂದರೆ ಬರೆಯುತ್ತಾ ಕೂರಬೇಡಿ, ನೇರ ಡಾಕ್ಟರ ಹತ್ತಿರ ಹೊರಡಿ.